ಅಮ್ಮನ ರೇಡಿಯೋದಲ್ಲಿ ಅವಳಿರಲಿಲ್ಲ

ಹಾಡು ಶುರುವಾಗಬೇಕಿದ್ದ ಹೊತ್ತಿಗೆ ಸರಿಯಾಗಿ ರೇಡಿಯೋ ಬಾಯಿ ಮುಚ್ಚಿಕೊಂಡಿತು.

ಅದಕ್ಕೂ ಮುಂಚೆ ನಿರೂಪಕಿ ಒಂದೇ ಉಸಿರಿಗೆ ಹೇಳಿದ್ದಳು. "ಕೇಳುಗರೇ, ಕಾದಿದ್ದು ಸಾಕು! ನಾಲ್ಕು ಬೇರೆ ಬೇರೆ ಬ್ಯಾಂಡ್‌ಗಳಿಂದ ಬಂದ ನಾಲ್ಕು ಜನ, ಒಂದೇ ರಾಕ್ ಸೂಪರ್‌ಗ್ರೂಪ್! 'ಮಿಕ್ಕವರು' ತಂಡದ ಚೊಚ್ಚಲ ಆಲ್ಬಮ್ ಸದ್ಯದಲ್ಲೇ ಬರ್ತಿದೆ. ಅದರ ಮೊದಲ ಹಾಡು, ಮೊಟ್ಟಮೊದಲು, ನಮ್ಮಲ್ಲೇ!"

ಆಮೇಲೆ ಏನೂ ಇಲ್ಲ. ಬರೀ ಮೌನ.

ಅಮ್ಮ ಹೊಲಿಗೆ ಯಂತ್ರದ ಗಾಲಿಯ ಮೇಲೆ ಅಂಗೈಯಿಟ್ಟು ನಿಲ್ಲಿಸಿದಳು. ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ತೆಗೆದು ಡಬ್ಬಿಗೆ ಹಾಕಿ, ರೇಡಿಯೋದ ಪಕ್ಕೆಗೆ ಒಂದು ಏಟು ಕೊಟ್ಟಳು.

"ಇವತ್ತೇ ಇದಕ್ಕೆ ರೋಗ ಬರಬೇಕಾ? ಊರಿಗೆಲ್ಲ ಹೇಳಿಟ್ಟಿದ್ದೀನಿ, ನನ್ನ ಮಗಳು ಬಾರಿಸ್ತಾಳೆ ಕೇಳಿ ಅಂತ."

ಮಗಳು ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದಳು. ಅವಳಿಗೆ ಗೊತ್ತಿತ್ತು, ಆ ಹಾಡು ಹೇಗೆ ಶುರುವಾಗುತ್ತದೆ ಎಂದು. ಮೊದಲು ಅವಳ ಬೇಸ್ ಗಿಟಾರ್ ಒಂದೇ. ಎಂಟು ಪೆಟ್ಟು, ಬೇರೆ ಯಾರೂ ಇಲ್ಲ. ಕತ್ತಲ ಮನೆಯಲ್ಲಿ ಒಬ್ಬಳೇ ನಡೆದು ಹೋಗಿ ದೀಪ ಹಾಕುವ ಹಾಗೆ. ಅದಾದ ಮೇಲೆ ಡ್ರಮ್ಸ್.

ಡ್ರಮ್ಸ್ ಬಂತು. ಸರಿಯಾದ ಹೊತ್ತಿಗೇ ಬಂತು. ಹಿಂದೆಯೇ ಗಿಟಾರ್, ಅದರ ಹಿಂದೆ ಗಾಯಕನ ಆಕಾಶ ಹರಿಯುವ ಗಂಟಲು. ರೇಡಿಯೋ ಕೆಟ್ಟಿರಲಿಲ್ಲ. ಅದರಲ್ಲಿ ಎಲ್ಲರೂ ಇದ್ದರು. ಅವಳೊಬ್ಬಳು ಇರಲಿಲ್ಲ.

ಅಮ್ಮನ ರೇಡಿಯೋ ಹಳೆಯ ಕಾಲದ್ದು, ಮರದ ಪೆಟ್ಟಿಗೆ, ಎದೆಯ ನಡುವೆ ಊಟದ ತಟ್ಟೆಯಷ್ಟು ದೊಡ್ಡ ಒಂದೇ ಒಂದು ಸ್ಪೀಕರ್. ಅದರ ನೆತ್ತಿಯ ಮೇಲೆ ಸದಾ ಗುಂಡುಸೂಜಿಗಳ ತಗಡಿನ ಡಬ್ಬಿ. ಮಗಳು ಪಕ್ಕದ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಗೋಡೆ ಅದುರಿ, ಪೆಟ್ಟಿಗೆ ಅದುರಿ, ಡಬ್ಬಿಯೊಳಗೆ ಸೂಜಿಗಳು ಸಣ್ಣಗೆ ನಡುಗುತ್ತಿದ್ದವು. ಸಂಗೀತದ ಗಂಧಗಾಳಿ ಇಲ್ಲದ ಅಮ್ಮ ಮಗಳ ಬೇಸನ್ನು ಗುರುತು ಹಿಡಿಯುತ್ತಿದ್ದದ್ದು ಕಿವಿಯಿಂದಲ್ಲ, ಆ ಡಬ್ಬಿಯಿಂದ.

ಇವತ್ತು ಡಬ್ಬಿ ಕಲ್ಲಿನ ಹಾಗೆ ಕೂತಿತ್ತು.

ಹಾಡು ಮುಗಿಯಿತು. ಅಮ್ಮ ಡಬ್ಬಿಯನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದಳು.

"ಚೆನ್ನಾಗಿದೆ ಕಣೇ," ಅಂದಳು ಮೆತ್ತಗೆ. "ಆದ್ರೆ ಇದರಲ್ಲಿ ನೀನೆಲ್ಲಿದ್ದೀಯಾ?"

ಅಷ್ಟೇ ಸಾಕಾಗಿತ್ತು. ಅಂಗಾಲಿನಿಂದ ಎದ್ದ ಉರಿ ನೆತ್ತಿಗೆ ಏರಿತು.

ಅವಳ ಬಾಯಿ ಸುಮ್ಮನಿರುವ ಬಾಯಿ. ಸಿಟ್ಟು ಬಂದರೂ ಪಾತ್ರೆ ತೊಳೆಯುವ ಸದ್ದಿನಲ್ಲಿ ಬರುತ್ತಿತ್ತೇ ಹೊರತು ಮಾತಿನಲ್ಲಿ ಬರುತ್ತಿರಲಿಲ್ಲ. ಹಿಂದೆ ಇದ್ದ ಬ್ಯಾಂಡಿನಲ್ಲೂ ಹೀಗೇ ಆಗಿತ್ತು. ಅಲ್ಲಿನ ಗಿಟಾರಿಸ್ಟ್ ಅವಳ ಬೆನ್ನ ಹಿಂದೆ ಅವಳ ಬೇಸನ್ನೆಲ್ಲ ಅಳಿಸಿ, ತಾನೇ ಮತ್ತೆ ನುಡಿಸಿ ಆಲ್ಬಮ್ ಹೊರತಂದಿದ್ದ. ಅವನನ್ನು ಅವಳು ಪ್ರೀತಿಸುತ್ತಿದ್ದಳು. ಗೊತ್ತಾಗಿದ್ದು ಬಿಡುಗಡೆಯ ದಿನ, ಅಂಗಡಿಯೊಂದರಲ್ಲಿ, ಗೆಳತಿಯರ ನಡುವೆ ನಿಂತಾಗ. "ನಿನ್ನದು ಸ್ವಲ್ಪ ಮೆತ್ತಗಿತ್ತು, ಅದಕ್ಕೇ," ಅಂದಿದ್ದ, ಅಂಗಿಗೆ ಹತ್ತಿದ ನೂಲು ತೆಗೆದಷ್ಟು ಹಗುರಾಗಿ. ಆವತ್ತೂ ಅವಳು ಏನೂ ಅನ್ನಲಿಲ್ಲ. ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡು ಮಲಗಿದಳು.

ಆ ದಿನದಿಂದ ತಾನು ನುಡಿಸಿದ್ದನ್ನು ಅವಳು ಕೇಳುವುದೇ ಇಲ್ಲ. ಈ ಆಲ್ಬಮ್ಮಿನ ಹಾಡುಗಳೆಲ್ಲ, ಎಲ್ಲರ ವಾದ್ಯವೂ ಒಂದಕ್ಕೊಂದು ಹೊಂದಿ ಮಿಕ್ಸ್ ಆಗಿ, ಒಪ್ಪಿಗೆಗೆಂದು ಫೋನಿಗೆ ಬಂದಾಗಲೂ ಕೇಳಿರಲಿಲ್ಲ. ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದಳು. ಮಿಕ್ಸ್ ಮಾಡಿದ ಡ್ರಮ್ಮರ್ ಮೇಲೆ ನಂಬಿಕೆಯಿತ್ತಲ್ಲ.

ನಂಬಿಕೆ! ಆ ಪದ ನೆನಪಾಗಿಯೇ ಅವಳು ಗೋಡೆಯಿಂದ ರೇಡಿಯೋದ ಪ್ಲಗ್ಗು ಕಿತ್ತಳು.

"ಏಯ್, ಅದನ್ನೆಲ್ಲಿಗೆ ಎತ್ಕೊಂಡು ಹೊರಟೆ?"

"ಸಾಕ್ಷಿ ಹೇಳಿಸೋಕೆ."

"ಯಾರಿಗೆ?"

"ಆ ಗಡಿಯಾರಕ್ಕೆ!"

"ಗಡಿಯಾರಕ್ಕೆ ರೇಡಿಯೋ ಸಾಕ್ಷಿನಾ? ಜ್ವರಗಿರ ಬಂದಿದ್ಯೇನೇ? ನನ್ನ ಸೂಜಿ ಡಬ್ಬಿನಾದ್ರೂ ಇಟ್ಟು ಹೋಗು!"

ಆ ಹೊತ್ತಿಗೆ ಡಬ್ಬಿ ಅವಳ ಕೋಟಿನ ಜೇಬು ಸೇರಿತ್ತು, ಅವಳು ಮೆಟ್ಟಿಲು ಇಳಿದಾಗಿತ್ತು.

*

ಬಸ್ಸಿನಲ್ಲಿ ರೇಡಿಯೋವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಪಕ್ಕದ ಸೀಟಿನ ಅಜ್ಜ ಸ್ವಲ್ಪ ಹೊತ್ತು ನೋಡಿ ಕೇಳಿದ. "ಮಾರೋಕಾ ಮಗಾ?"

"ಇಲ್ಲ."

"ರಿಪೇರಿಗಾ?"

"ರೇಡಿಯೋ ಸರಿಯಾಗಿದೆ ತಾತ. ಮನುಷ್ಯರು ಕೆಟ್ಟಿದ್ದಾರೆ."

ಅಜ್ಜ ಕಿಟಕಿಯ ಕಡೆ ತಿರುಗಿಕೊಂಡ.

ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಜೇಬಿನಲ್ಲಿ ಸೂಜಿಗಳು ಝಲ್ಲೆನ್ನುತ್ತಿದ್ದವು. ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದಳು. ಮೊದಲು ಇದನ್ನು ಹೇಳುವುದು, ಅವನು ಹಾಗಂದರೆ ಹೀಗನ್ನುವುದು. ಆದರೆ ಹಾಳು ಮನಸ್ಸು, ಬೈಗುಳ ಹುಡುಕಲು ಕಳಿಸಿದರೆ ಬೇರೇನನ್ನೋ ಹೊತ್ತು ತರುತ್ತಿತ್ತು.

ರೆಕಾರ್ಡಿಂಗಿನ ದಿನಗಳು. ಡ್ರಮ್ಮರ್ ಗಾಜಿನ ಗೂಡಿನೊಳಗೆ, ಅವಳು ಹೊರಗೆ, ಎದುರುಬದುರು. ಅವನು ಬರುವುದಕ್ಕೆ ಯಾವಾಗಲೂ ತಡ, ತಾಳಕ್ಕೆ ಮಾತ್ರ ಕೂದಲೆಳೆಯಷ್ಟೂ ತಡವಿಲ್ಲ. ಅದಕ್ಕೇ 'ಗಡಿಯಾರ' ಎಂಬ ಹೆಸರು. ಉಳಿದ ಹಾಡುಗಳಿಗೆಲ್ಲ ಅವನು ಕಡ್ಡಿಗೆ ಕಡ್ಡಿ ಬಡಿದು ಲೆಕ್ಕ ಕೊಡುತ್ತಿದ್ದ. ಈ ಹಾಡಿಗೆ ಮಾತ್ರ ಕೊಡುತ್ತಿರಲಿಲ್ಲ. ಅವಳು ತನ್ನ ಪಾಡಿಗೆ ಶುರು ಮಾಡಬೇಕು. ಅವನು ಕಡ್ಡಿ ಎತ್ತಿ ಹಿಡಿದು, ಗಾಜಿನಾಚೆಯಿಂದ ಅವಳನ್ನೇ ನೋಡುತ್ತಾ, ಎಡ ಹುಬ್ಬನ್ನು ಒಂಚೂರು ಏರಿಸುತ್ತಿದ್ದ. ಬರಲಾ? ಎಂದು. ಅವಳು ತಲೆಯಾಡಿಸಿದರೆ ಮಾತ್ರ ಬರುತ್ತಿದ್ದ. ಒಮ್ಮೆ ಬೇಕೆಂದೇ ತಲೆಯಾಡಿಸಲಿಲ್ಲ. ಅವನು ಕಡ್ಡಿ ಎತ್ತಿಕೊಂಡೇ ಕೂತಿದ್ದ, ನಗು ತಡೆಯಲಾಗದೆ ಕೆನ್ನೆ ಉಬ್ಬಿಸಿಕೊಂಡು. ಹಾಡು ಹಾಗೇ ಅವಳೊಬ್ಬಳ ಮೇಲೆ ಎಷ್ಟೋ ದೂರ ಹೋಯಿತು. "ಇಬ್ಬರೂ ಸೇರಿ ನನ್ನ ಗಂಟಲು ಒಣಗಿಸ್ತಿದ್ದೀರಾ!" ಎಂದು ಗಾಯಕ ಕೂಗಿಕೊಂಡ.

"ನೀನು ಹೂಂ ಅಂದ ಮೇಲೇನೇ ನನ್ನ ಕಾಲಿಗೆ ಧೈರ್ಯ," ಅಂದಿದ್ದ ಅವನು ಆಮೇಲೆ, ಚಹಾದ ಲೋಟವನ್ನು ಅವಳ ಪಕ್ಕ ಇಟ್ಟು, ಅವಳ ಕಡೆ ನೋಡದೆ.

ಆ ಮಾತನ್ನು ಅವಳು ಡೈರಿಯಲ್ಲಿ ಬರೆಯಲಿಲ್ಲ. ಬರೆದರೆ ಸವೆದುಹೋದೀತು ಎಂಬ ಭಯಕ್ಕೆ.

ಈಗ ಆ ಭಯ ನೆನೆದು ಮತ್ತಷ್ಟು ಸಿಟ್ಟು ಬಂತು. ಅಳಿಸುವವನು ಯಾಕೆ ಹುಬ್ಬು ಏರಿಸಬೇಕಿತ್ತು? ಅಳಿಸಿದ್ದು ಸಾಲದೆಂಬಂತೆ ಆ ಎಂಟು ಪೆಟ್ಟಿನ ಜಾಗವನ್ನು ಮುಚ್ಚದೆ ಹಾಗೇ ಖಾಲಿ ಬಿಟ್ಟಿದ್ದನಲ್ಲ! ಹಲ್ಲು ಕಿತ್ತು ಸಂದಿ ತೋರಿಸಿದ ಹಾಗೆ. ಊರಿಗೆಲ್ಲ ಕಾಣಲಿ, ಇಲ್ಲಿ ಒಬ್ಬಳಿದ್ದಳು, ತೆಗೆದು ಬಿಸಾಡಿದೆವು ಎಂದು.

'ಮಿಕ್ಕವರು' ಕಟ್ಟಿದ ದಿನ ನಾಲ್ವರೂ ಒಂದು ನಿಯಮ ಮಾಡಿಕೊಂಡಿದ್ದರು. ನಾಲ್ವರೂ ಹಿಂದಿನ ಬ್ಯಾಂಡುಗಳಲ್ಲಿ ಕೈ ಸುಟ್ಟುಕೊಂಡವರೇ. ಹಾಗಾಗಿ, ರೆಕಾರ್ಡಿನ ತಟ್ಟೆ ಅಚ್ಚಿಗೆ ಹೋಗುವ ತನಕ ಯಾರು ಬೇಕಾದರೂ ಬೇಡ ಅನ್ನಬಹುದು. ಒಬ್ಬರು ಬೇಡ ಅಂದರೂ ಆಲ್ಬಮ್ ಇಲ್ಲ. ಕಾರಣ ಕೇಳುವ ಹಾಗಿಲ್ಲ.

ಅಚ್ಚಿಗೆ ಹೋಗುವುದು ಇವತ್ತು ಸಂಜೆ. ಬಾಳಿನಲ್ಲಿ ಯಾರಿಗೂ ಬೇಡ ಅಂದವಳಲ್ಲ ಅವಳು. ಇವತ್ತು ಅನ್ನುತ್ತಾಳೆ.

*

ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಬಾಗಿಲನ್ನು ಮೊಣಕೈಯಿಂದ ನೂಕಿಕೊಂಡು ಒಳಬಂದಾಗ ಗಾಯಕ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ಮೆಚ್ಚುಗೆಗಳನ್ನು ಓದಿಕೊಳ್ಳುತ್ತಿದ್ದ. ಎಲ್ಲರೂ ಅವನನ್ನು 'ದೊರೆ' ಎನ್ನುತ್ತಿದ್ದರು, ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಗಿಟಾರ್ ನುಡಿಸುವ ಅಕ್ಕ ಮೂಲೆಯಲ್ಲಿ ತಂತಿ ಬದಲಿಸುತ್ತಿದ್ದಳು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ನಾಲಿಗೆಯೂ ಎಲ್ಲರದಕ್ಕಿಂತ ಉದ್ದ. ಗಡಿಯಾರ ಕಂಪ್ಯೂಟರಿನ ಮುಂದೆ, ಕತ್ತಿಗೆ ಹೆಡ್‌ಫೋನ್ ತೂಗಹಾಕಿಕೊಂಡು.

ಅವಳನ್ನು ಕಂಡೊಡನೆ ಅವನ ಮುಖ ಅರಳಿತು. "ಬಂದ್ಯಾ! ಕೇಳಿದ್ಯಾ ರೇಡಿಯೋದಲ್ಲಿ?"

ಅವಳು ರೇಡಿಯೋವನ್ನು ಅವನ ಮುಂದೆ ಧೊಪ್ಪೆಂದು ಇಟ್ಟಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮೆಟ್ಟಿಲಲ್ಲೇ ಉದುರಿಹೋಗಿತ್ತು. ಒಂದೇ ಒಂದು ಉಳಿದಿತ್ತು.

"ಬೇಡ."

"ಏನು ಬೇಡ?"

"ಆಲ್ಬಮ್. ನನ್ನ ಕಡೆಯಿಂದ ಬೇಡ."

ದೊರೆ ಸೋಫಾದಿಂದ ಕಾಲು ಇಳಿಸಿದ. ಅಕ್ಕನ ಕೈಯಲ್ಲಿದ್ದ ತಂತಿ ಟಣ್ಣೆಂದು ಚಿಮ್ಮಿತು.

"ತಮಾಷೆನಾ?" ಅಂದ ದೊರೆ. "ಏಯ್, ಇವಳಿಗೆ ಮಾತು ಬರುತ್ತೆ! ಆದ್ರೆ ಮೊದಲನೇ ಮಾತೇ ಇದಾ ತಾಯಿ?"

"ಕಾರಣ ಕೇಳೋ ಹಾಗಿಲ್ಲ," ಅಂದಳು ಅವಳು. "ಆದ್ರೂ ಹೇಳ್ತೀನಿ. ನನ್ನನ್ನ ತೆಗೆಯೋದಾಗಿದ್ರೆ ಮುಖಕ್ಕೆ ಹೇಳಬಹುದಿತ್ತು. ನಿನ್ನದು ಚೆನ್ನಾಗಿಲ್ಲ, ಹೋಗು ಅಂತ. ನಾನೇನು ಕಚ್ತೀನಾ? ಅಳಿಸಿ, ಆಮೇಲೆ ಚಹಾ ತಂದಿಡೋದು, ಹುಬ್ಬು ಏರಿಸೋದು, ಕಾಲಿಗೆ ಧೈರ್ಯ ಅನ್ನೋದು... ಯಾವ ಸೀಮೆಯ ಮನುಷ್ಯ ನೀನು?"

"ಹುಬ್ಬು ಏರಿಸೋದಾ?" ಅಕ್ಕ ಮುಂದಕ್ಕೆ ಬಾಗಿದಳು. "ಇದು ಯಾವಾಗಿಂದ?"

"ಅಕ್ಕಾ, ಸ್ವಲ್ಪ ಸುಮ್ಮನಿರಿ," ಅಂದ ಗಡಿಯಾರ. ಕುರ್ಚಿಯಿಂದ ಎದ್ದು ಅವಳನ್ನು ಕೇಳಿದ. "ನಿನ್ನನ್ನ ನಾನು ಅಳಿಸಿದ್ದೀನಾ? ನಾನಾ?"

"ನನ್ನಮ್ಮ ಕೇಳಿದ್ಳು. ನಾನೂ ಕೇಳಿದೆ. ಇಡೀ ಹಾಡಲ್ಲಿ ನಾನಿಲ್ಲ."

"ಇದ್ದೀಯ."

"ಇಲ್ಲ!"

"ಕೂತ್ಕೋ."

"ಕೂರಲ್ಲ."

"ನಿಂತೇ ಕೇಳು ಹಾಗಾದ್ರೆ!" ಅವನ ದನಿಯೂ ಏರಿತ್ತು. ಕತ್ತಿನಿಂದ ಹೆಡ್‌ಫೋನ್ ತೆಗೆದು, ಹತ್ತಿರ ಬಂದು, ಅವಳ ಕಿವಿಗಳ ಮೇಲಿಟ್ಟ. ಅಷ್ಟು ಸಿಟ್ಟಿನಲ್ಲೂ ಅವಳ ಕೂದಲು ಸಿಕ್ಕಿಕೊಳ್ಳದ ಹಾಗೆ ಬೆರಳಿನಿಂದ ಸರಿಸಿಯೇ ಇಟ್ಟ. ಅದು ಅವಳ ಗಮನಕ್ಕೆ ಬಂತು. ಬಂದದ್ದಕ್ಕೆ ತನ್ನ ಮೇಲೆ ತನಗೇ ಕೋಪ ಬಂತು.

ಹಾಡು ಶುರುವಾಯಿತು.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಅದು ಅವಳ ಬೇಸೇ. ಆದರೆ ಅಷ್ಟು ದೊಡ್ಡದಾಗಿ ತನ್ನನ್ನು ತಾನು ಅವಳು ಎಂದೂ ಕೇಳಿರಲಿಲ್ಲ. ಎಡಕ್ಕೂ ಅವಳೇ, ಬಲಕ್ಕೂ ಅವಳೇ, ತಲೆಯ ಹಿಂದೆಯೂ ಅವಳೇ. ಬೆರಳು ತಂತಿಯನ್ನು ಬಿಡುವ ಮುಂಚಿನ ಸಣ್ಣ ತೊದಲೂ ಅಲ್ಲಿತ್ತು. ಯಾರೋ ಅದನ್ನು ಒರೆಸದೆ ಜೋಪಾನವಾಗಿ ಇಟ್ಟಿದ್ದರು. ಡ್ರಮ್ಸ್ ಬಂದಾಗ ಅದು ಅವಳ ಮೇಲೆ ಏರಿ ಬರಲಿಲ್ಲ. ಅವಳೊಳಗೆ ಬಾಗಿಲು ತಟ್ಟಿ ಬಂದ ಹಾಗೆ ಬಂತು.

ಕಣ್ಣು ತುಂಬಿತು. ತುಂಬಿದ್ದು ಅವನಿಗೆ ಕಾಣಬಾರದೆಂದು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ನನ್ನಮ್ಮನಿಗೆ ಯಾಕೆ ಕೇಳಲಿಲ್ಲ?"

"ನಿಮ್ಮಮ್ಮನ ರೇಡಿಯೋ ಹಾಳಾಗಿರಬೇಕು."

"ನನ್ನಮ್ಮನ ರೇಡಿಯೋ ಬಗ್ಗೆ ಮಾತಾಡಬೇಡ!"

ಆ ಹಳೇ ರೇಡಿಯೋದ ಬೆನ್ನಿಗೆ, ಫೋನ್ ಸಿಕ್ಕಿಸಲೆಂದು ರಿಪೇರಿಯವನು ಆಮೇಲೆ ಕೊರೆದುಕೊಟ್ಟ ಒಂದು ತೂತಿತ್ತು. ಅವನು ರೇಡಿಯೋದ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿ, ಕಂಪ್ಯೂಟರಿನಿಂದ ಒಂದು ವೈರು ಎಳೆದು ಅದಕ್ಕೆ ಚುಚ್ಚಿದ. ಅವಳು ಜೇಬಿನಿಂದ ಸೂಜಿ ಡಬ್ಬಿ ತೆಗೆದು, ಕೋರ್ಟಿನಲ್ಲಿ ಸಾಕ್ಷ್ಯ ಇಡುವವಳಂತೆ, ರೇಡಿಯೋದ ನೆತ್ತಿಯ ಮೇಲಿಟ್ಟಳು.

"ಅದೇನು?" ಅಂದ ದೊರೆ.

"ನನ್ನಮ್ಮನ ಕಿವಿ."

ಹಾಡು ಹಾಕಿದ. ಮೌನ. ಕಂಪ್ಯೂಟರಿನ ತೆರೆಯ ಮೇಲೆ ಬೇಸಿನ ಗೆರೆ ಎದ್ದು ಕುಣಿಯುತ್ತಿತ್ತು, ರೇಡಿಯೋ ತುಟಿ ಬಿಚ್ಚಲಿಲ್ಲ, ಡಬ್ಬಿ ಅಲುಗಲಿಲ್ಲ. ಆಮೇಲೆ ಡ್ರಮ್ಸ್ ಬಂತು, ಮಿಕ್ಕವರೆಲ್ಲ ಬಂದರು.

ಗಡಿಯಾರ ಕುರ್ಚಿಯಲ್ಲಿ ಮೆಲ್ಲಗೆ ಕುಸಿದ. ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಹೊರಬಂದದ್ದು ಒಂದೇ ಮಾತು. "ಅಯ್ಯೋ, ಕತ್ತೆ ನಾನು."

"ಬಿಡಿಸಿ ಹೇಳು," ಅಂದಳು ಅಕ್ಕ.

ಅವನು ಬಿಡಿಸಿ ಹೇಳಿದ, ಯಾರ ಮುಖವನ್ನೂ ನೋಡದೆ. ಬೇಸನ್ನು ಎಲ್ಲರೂ ನಡುವೆ ಕೂರಿಸುತ್ತಾರೆ. ಅವನು ಅದನ್ನು ಎರಡಾಗಿ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದ್ದ. ಬಲಗಡೆಯದನ್ನು ತಲೆಕೆಳಗು ಮಾಡಿದ್ದ. ಎಡದ ಅಲೆ ಏಳುವಾಗ ಬಲದ್ದು ಬೀಳುವ ಹಾಗೆ. ಎರಡು ಕಿವಿಗೆ ಬೇರೆ ಬೇರೆಯಾಗಿ ಹೋದರೆ ಸಮುದ್ರದಷ್ಟು ಅಗಲ ಕೇಳುತ್ತದೆ. ಆದರೆ ಒಂದೇ ಸ್ಪೀಕರಿಗೆ ಎರಡನ್ನೂ ಸುರಿದರೆ ಒಂದನ್ನೊಂದು ನುಂಗಿ ಎರಡೂ ಸೊನ್ನೆ.

"ಅಂದ್ರೆ," ಅಂದಳು ಅಕ್ಕ, "ಒಂದೇ ಬಾಗಿಲನ್ನ ಇಬ್ಬರು ಆಚೆ ಒಬ್ಬರು, ಈಚೆ ಒಬ್ಬರು ನಿಂತು ಜೋರಾಗಿ ತಳ್ಳಿದ ಹಾಗೆ. ಬಾಗಿಲು ಅಲ್ಲಾಡಲ್ಲ." ಸ್ವಲ್ಪ ತಡೆದು ಸೇರಿಸಿದಳು. "ನಿಮ್ಮಿಬ್ಬರ ಥರ."

"ಒಂದು ಸಲಾನೂ ಸ್ಪೀಕರಲ್ಲಿ ಕೇಳಲಿಲ್ವಾ ನೀನು?" ದೊರೆ ಕೇಳಿದ.

"ಎಲ್ಲಿ ಕೇಳಲಿ? ಮಿಕ್ಸ್ ಮಾಡಿದ್ದು ಮನೆಯಲ್ಲಿ. ಅಪ್ಪ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ, ಹಗಲು ಮಲಗ್ತಾರೆ. ಇಡೀ ಆಲ್ಬಮ್ ಹೆಡ್‌ಫೋನಲ್ಲೇ ಮಾಡಿದ್ದು. ಸರಿ, ನಾನು ಕತ್ತೆ. ನೀವು? ನೀವಿಬ್ಬರೂ ಕೇಳಿ ಒಪ್ಪಿದ್ರಲ್ಲ! ದೊರೆ ಕಾರಲ್ಲಿ, ಅಕ್ಕ ಅಡುಗೆಮನೆ ಸ್ಪೀಕರಲ್ಲಿ!"

ದೊರೆ ಗಂಟಲು ಸರಿಮಾಡಿಕೊಂಡ. "ನಾನು... ನನ್ನ ಭಾಗ ಕೇಳಿದೆ."

"ನಾನು ನನ್ನ ಸೋಲೋ ಕೇಳಿದೆ," ಅಂದಳು ಅಕ್ಕ, ಮೊದಲ ಬಾರಿಗೆ ಸ್ವಲ್ಪ ಸಣ್ಣ ದನಿಯಲ್ಲಿ. "ಎರಡು ಸಲ." ಆಮೇಲೆ ಗಿಟಾರನ್ನು ಗೋಡೆಗೆ ಒರಗಿಸಿ ನಿಟ್ಟುಸಿರು ಬಿಟ್ಟಳು. "ಸೂಪರ್‌ಗ್ರೂಪ್ ಅಂತೆ. ಸೂಪರೂ ಇಲ್ಲ, ಗ್ರೂಪೂ ಇಲ್ಲ. ನಾಲ್ಕು ಜನ ನಾಲ್ಕು ಕನ್ನಡಿ ಮುಂದೆ ನಿಂತಿದ್ವಿ, ಅಷ್ಟೇ."

"ಮತ್ತೆ ನೀನು?" ಗಡಿಯಾರ ಈಗ ಅವಳ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ನೋವಿತ್ತು, ಅದರ ಬೆನ್ನಿಗೇ ಸಿಟ್ಟೂ ಇತ್ತು. "ನೀನು ಹೆಬ್ಬೆರಳು ಕಳಿಸಿದ್ದೆ. ಆವತ್ತಿಡೀ ಕುಣಿದಾಡಿದ್ದೆ ನಾನು, ಅವಳಿಗೆ ಇಷ್ಟ ಆಯ್ತು ಅಂತ. ನೀನು ಕೇಳೇ ಇಲ್ಲ, ಅಲ್ವಾ?"

ಅವಳು ನೆಲ ನೋಡಿದಳು.

"ಅಲ್ವಾ?"

"ಇಲ್ಲ."

"ಒಂದು ಹಾಡೂ?"

"ನನಗೆ ಭಯ."

"ನನ್ನ ಮೇಲಾ?"

"ಎಲ್ಲರ ಮೇಲೂ!" ಅವಳು ಸಿಡಿದಳು. "ನಿನಗೇನು ಗೊತ್ತು? ನಿನ್ನ ಡ್ರಮ್ಸನ್ನ ಯಾರಾದ್ರೂ ಯಾವತ್ತಾದ್ರೂ ಒರೆಸಿ ಹಾಕಿದ್ದಾರಾ? ನನ್ನನ್ನ ಒರೆಸಿದ್ದಾರೆ. ಪ್ರೀತಿ ಅಂದವನೇ ಒರೆಸಿದ. ಆಮೇಲೆ ಕೇಳೋಕೆ ಕಿವಿ ಬರಲ್ಲ ಕಣೋ. ಕೇಳಿ, ನಾನಿಲ್ಲ ಅಂತ ಗೊತ್ತಾಗೋದಕ್ಕಿಂತ, ಕೇಳದೆ, ನಾನಿದ್ದೀನಿ ಅಂದುಕೊಳ್ಳೋದು ವಾಸಿ ಅಂತ ಸುಮ್ಮನಿದ್ದೆ. ಇವತ್ತು ನನ್ನಮ್ಮ ಡಬ್ಬಿ ನೋಡಿ ಕೇಳಿದ್ಳು, ಇದರಲ್ಲಿ ನೀನೆಲ್ಲಿದ್ದೀಯಾ ಅಂತ. ಏನು ಹೇಳಲಿ?"

ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಯಾರಾದ್ರೂ," ಅಂದ ಅವನು ಕೊನೆಗೆ, ತುಂಬ ಮೆತ್ತಗೆ, "ಎಂಟು ಪೆಟ್ಟು ಖಾಲಿ ಬಿಟ್ಟು ಹಾಡು ಶುರು ಮಾಡ್ತಾರಾ? ಅಷ್ಟೂ ಯೋಚನೆ ಬರಲಿಲ್ವಾ ನಿನಗೆ?"

"ಸಿಟ್ಟಲ್ಲಿ ಯೋಚನೆ ಎಲ್ಲಿಂದ ಬರುತ್ತೆ?"

"ನಿಜ. ನನಗೂ ಬರಲಿಲ್ಲ. ನನ್ನದು ಸಿಟ್ಟಾಗಿರಲಿಲ್ಲ, ಅಷ್ಟೇ ವ್ಯತ್ಯಾಸ."

"ಮತ್ತೇನಾಗಿತ್ತು?"

"ಏನಾಗಿತ್ತು ಅಂದ್ರೆ..." ಅವನು ಎದ್ದು ನಿಂತ. ಹೇಳದಿದ್ದರೆ ಒಡೆದುಹೋಗುವವನ ಹಾಗೆ, ಬೈಯುವ ದನಿಯಲ್ಲೇ ಹೇಳಿದ. "ನಿನ್ನನ್ನ ಒಂದು ಕಡೆ ಕೂರಿಸೋಕೆ ನನಗೆ ಮನಸ್ಸು ಬರಲಿಲ್ಲ! ನಡುವೆ ಇಟ್ಟರೆ ಎಲ್ಲರೂ ನಿನ್ನ ಮೇಲೆ ಕೂತ್ಕೋತಾರೆ. ದೊರೆ ಕೂಗ್ತಾನೆ, ಅಕ್ಕ ಕೊಯ್ತಾಳೆ, ನಾನು ಬಡೀತೀನಿ. ಬೇಡ, ಎರಡೂ ಕಿವಿ ತುಂಬ ಇವಳೇ ಇರಲಿ ಅಂದ್ಕೊಂಡೆ. ದಿನಗಟ್ಟಲೆ ಅದರೊಳಗೇ ಕೂತಿದ್ದೆ. ಅಪ್ಪ ಎದ್ದು ಬಂದು ಊಟ ಮಾಡೋ ಅಂದ್ರೂ ಹೆಡ್‌ಫೋನ್ ತೆಗೀತಿರಲಿಲ್ಲ. ತೆಗೆದ್ರೆ ನೀನು ಹೋಗ್ತಿದ್ದೆಯಲ್ಲ! ತಪ್ಪಾ? ತಪ್ಪೇ. ಪ್ರೀತಿಸೋರ ಕೈಗೆ ಮಿಕ್ಸಿಂಗ್ ಕೊಡಬಾರದು. ಈಗ ಗೊತ್ತಾಯ್ತು. ಬೈಯಿ, ಇನ್ನೂ ಬೈಯಿ!"

ಮಾತು ಹೊರಬಿದ್ದ ಮೇಲೆ ತಾನು ಏನಂದೆ ಎಂದು ಅವನಿಗೇ ತಿಳಿಯಿತು. ಕಿವಿಯ ತುದಿ ಕೆಂಪಾಯಿತು.

ಅಕ್ಕ ದೊರೆಯ ತೋಳು ಹಿಡಿದು ಎಬ್ಬಿಸಿದಳು. "ನಡಿ, ಚಹಾ ಕುಡಿದು ಬರೋಣ."

"ನಾನು ಈಗ ತಾನೇ ಕುಡಿದೆ."

"ಇನ್ನೊಂದು ಕುಡಿ. ಗಂಟಲಿಗೆ ಒಳ್ಳೇದು." ಬಾಗಿಲ ಬಳಿ ನಿಂತು ತಿರುಗಿದಳು. "ನೋಡು ತಂಗಿ, ನಿನ್ನ 'ಬೇಡ' ನಮ್ಮ ತಲೆ ಮೇಲಿದೆ. ನೀನು ಹೇಳಿದ ಹಾಗೇ ಆಗುತ್ತೆ. ಸಂಜೆ ತನಕ ಟೈಮಿದೆ, ಬಾಗಿಲ ಎರಡೂ ಕಡೆ ನಿಂತು ತಳ್ಳಬೇಡಿ."

ಬಾಗಿಲು ಮುಚ್ಚಿತು.

ಅವಳು ರೇಡಿಯೋದ ಕಡೆಯೇ ನೋಡುತ್ತಿದ್ದಳು. ಅವನ ಮಾತು ಅವಳೊಳಗೆ ಎಲ್ಲೋ ಹೋಗಿ ಕೂತಿತ್ತು, ಆದರೆ ಸಿಟ್ಟು ಇನ್ನೂ ಎದ್ದು ಜಾಗ ಬಿಟ್ಟಿರಲಿಲ್ಲ. ಬಸ್ಸಿನ ಒಂದೇ ಸೀಟಿನಲ್ಲಿ ಇಬ್ಬರು ಅಪರಿಚಿತರಂತೆ ಎರಡೂ ಇದ್ದವು.

"ಸರಿ ಮಾಡೋಕಾಗುತ್ತಾ?"

"ಆಗುತ್ತೆ. ಒಂದು ಬಟನ್. ಬಲಗಡೆಯದನ್ನ ಮತ್ತೆ ನೆಟ್ಟಗೆ ಮಾಡಿದ್ರೆ ಎರಡೂ ಸೇರಿ ನಡುವೆ ಬರುತ್ತೆ. ಆದ್ರೆ..." ಅವನು ತಡವರಿಸಿದ. "ಅಷ್ಟು ದೊಡ್ಡದಾಗಿ ಇರಲ್ಲ."

"ನನ್ನಮ್ಮನಿಗೆ ಕೇಳುತ್ತಾ?"

"ಕೇಳುತ್ತೆ."

"ಮತ್ತಿನ್ನೇನು? ನನಗೆ ಸಮುದ್ರ ಬೇಡ. ಇರೋದು ಬೇಕು. ಒಂದೇ ಸ್ಪೀಕರ್ ಇರೋ ಮನೆಯಲ್ಲೂ ಇರೋದು ಬೇಕು." ಅವಳು ಅವನ ಕಡೆ ತಿರುಗಿದಳು. "ನೀನು ನಿನಗೆ ಕೇಳೋ ಹಾಗೆ ನನ್ನನ್ನ ಮಾಡಿಕೊಂಡೆ. ನಾನು ನಿಮ್ಮೆಲ್ಲರ ಜೊತೆ ನಿಂತು ಎಲ್ಲರಿಗೂ ಕೇಳಿಸಬೇಕು. ಅವರು ಕೂಗಲಿ, ಕೊಯ್ಯಲಿ, ನೀನು ಬಡಿ. ನಾನು ತಡ್ಕೋತೀನಿ."

ಅವನು ಅವಳನ್ನೇ ನೋಡಿದ. ಹೆಡ್‌ಫೋನಿನಲ್ಲಿ ತಾನು ಇಷ್ಟು ದಿನ ಕೇಳುತ್ತಿದ್ದದ್ದು ಈ ಹುಡುಗಿಯನ್ನಲ್ಲ, ಇವಳ ನೆರಳನ್ನು ಎಂದು ಈಗ ಹೊಳೆದವನ ಹಾಗೆ.

"ನೀನೇ ಒತ್ತು," ಅಂದ. ತೆರೆಯ ಮೇಲೆ ಆ ಬಟನ್, ಒಂದು ಸಣ್ಣ ಸೊನ್ನೆ, ಅದರ ಮೇಲೆ ಅಡ್ಡಗೆರೆ.

ಅವಳು ಒತ್ತಿದಳು.

ರೇಡಿಯೋದ ಮರದ ಎದೆಯಿಂದ ಮೊದಲ ಪೆಟ್ಟು ಹೊರಟಿತು. ಸಮುದ್ರದಷ್ಟು ಅಗಲವಿರಲಿಲ್ಲ. ಒಬ್ಬ ಹುಡುಗಿಯಷ್ಟಿತ್ತು. ತಗಡಿನ ಡಬ್ಬಿಯೊಳಗೆ ಸೂಜಿಗಳು ಝಿರ್ರೆಂದವು.

ಇಬ್ಬರೂ ಬಾಗಿ ಆ ಡಬ್ಬಿಯನ್ನೇ ನೋಡುತ್ತಿದ್ದರು, ತಲೆಗೆ ತಲೆ ತಾಗುವಷ್ಟು ಹತ್ತಿರ.

"ಇನ್ನುಳಿದ ಹಾಡುಗಳು?" ಅಂದಳು.

"ಎಲ್ಲದಕ್ಕೂ ಅದೇ ಕತ್ತೆ ಕೆಲಸ. ಕೂತ್ರೆ ಸಂಜೆಯೊಳಗೆ ಆಗುತ್ತೆ. ನೀನು ಪಕ್ಕದಲ್ಲಿ ಕೂತು ಒಂದೊಂದೂ ಕೇಳಬೇಕು. ಹೆಬ್ಬೆರಳು ಗಿಬ್ಬೆರಳು ನಡೆಯಲ್ಲ."

"ಕೇಳ್ತೀನಿ." ಕುರ್ಚಿ ಎಳೆದುಕೊಂಡಳು. "ಆ ಹಳೇದು, ಆ ದೊಡ್ಡದು... ಅದನ್ನ ಅಳಿಸಬೇಡ."

"ಯಾಕೆ?"

"ಅದು ಆಲ್ಬಮ್ ಅಲ್ಲ. ಆದ್ರೆ ಇರಲಿ. ನನಗೊಂದು ಕಾಪಿ ಕೊಡು."

ಅವನ ತುಟಿಯ ಮೂಲೆ ಸುಳ್ಳು ಹೇಳಲಾರದೆ ಮೇಲೇರಿತು. "ಅಂದ್ರೆ 'ಬೇಡ' ವಾಪಸ್ಸಾ?"

"ಆಲ್ಬಮ್ಮಿಗೆ ವಾಪಸ್ಸು."

"ಮತ್ತೆ ನನಗೆ?"

"ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ. ಮೊದಲನೇ ಹಾಡು ಹಾಕು."

*

ಆಲ್ಬಮ್ ಹೊರಬಂದ ದಿನ ಟೈರ್ ಅಂಗಡಿಯ ಮೇಲೆ ದೊರೆ ಕೇಕು ಕತ್ತರಿಸುತ್ತಿದ್ದಾಗ, ಗಡಿಯಾರ ಅಮ್ಮನ ರೇಡಿಯೋ ಹೊತ್ತುಕೊಂಡು ಅವಳ ಮನೆಯ ಮೆಟ್ಟಿಲು ಏರುತ್ತಿದ್ದ. ಮಿಕ್ಸ್ ಮುಗಿದ ಮೇಲೂ ರೇಡಿಯೋ ಸ್ಟುಡಿಯೋದಲ್ಲೇ ಉಳಿದಿತ್ತು. ಇನ್ನು ಮುಂದೆ ಯಾವುದೇ ಹಾಡು ಅದರಲ್ಲಿ ಪಾಸಾಗದೆ ಹೊರಗೆ ಹೋಗಬಾರದು ಎಂದು ಅಕ್ಕ ಕಾನೂನು ಮಾಡಿದ್ದಳು. ಅಮ್ಮ ಮಾತ್ರ ದಿನಾ ಫೋನು ಮಾಡಿ, "ನನ್ನ ರೇಡಿಯೋ ಕದ್ದವನನ್ನ ನನ್ನ ಮುಂದೆ ನಿಲ್ಲಿಸು," ಎನ್ನುತ್ತಿದ್ದಳು.

"ಇವನೇನಾ?" ಅಮ್ಮ ಕನ್ನಡಕದ ಮೇಲಿಂದ ನೋಡಿದಳು.

"ಹೂಂ," ಅಂದಳು ಮಗಳು.

"ಗಡಿಯಾರ ಅಂದೆ. ತಡ ಮಾಡಿ ಬಂದಿದ್ದಾನೆ."

"ಯಾವಾಗಲೂ ಅಷ್ಟೇ ಅಮ್ಮ."

"ಅಲ್ಲಿಡಪ್ಪಾ. ಹಾಂ, ಸ್ವಲ್ಪ ಎಡಕ್ಕೆ. ಕೂತ್ಕೋ. ಅಲ್ಲಲ್ಲ, ಅಲ್ಲಿ ಸೂಜಿಗಳಿವೆ!"

ಕೋಣೆಯ ತುಂಬ ಬಟ್ಟೆಯ ಚೂರು. ಅವನು ಕತ್ತರಿಸುವ ಮೇಜಿನ ಅಂಚಿನಲ್ಲಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಪರೀಕ್ಷೆಗೆ ಬಂದ ಹುಡುಗನ ಹಾಗೆ ಕೂತ. ಅವಳು ಎದುರು ಗೋಡೆಗೆ ಒರಗಿ ನಿಂತಳು. ನಡುವೆ ಹೊಲಿಗೆ ಯಂತ್ರ. ಗಾಜಿನ ಗೂಡು ಮಾತ್ರ ಇರಲಿಲ್ಲ, ಮಿಕ್ಕಂತೆ ಅದೇ ದೂರ, ಅದೇ ಎದುರುಬದುರು.

ಅಮ್ಮ ಡಬ್ಬಿಯನ್ನು ರೇಡಿಯೋದ ನೆತ್ತಿಗೆ ಇಟ್ಟಳು. ಮಗಳು ಫೋನನ್ನು ಅದಕ್ಕೆ ಸಿಕ್ಕಿಸಿ ಹಾಡು ಹಾಕಿದಳು.

ಮೊದಲ ಪೆಟ್ಟಿಗೇ ಸೂಜಿಗಳು ನಡುಗಿದವು. ಎರಡನೆಯದಕ್ಕೆ ಅಮ್ಮನ ಕೈ ಗಾಲಿಯ ಮೇಲೆ ನಿಂತಿತು. ಅಮ್ಮ ಬೆರಳ ತುದಿಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟು, ಮಲಗಿದ ಮಗುವಿನ ಎದೆ ಮುಟ್ಟಿ ನೋಡುವವಳಂತೆ, ಕಣ್ಣು ಮುಚ್ಚಿದಳು. "ಇದ್ದಾಳೆ," ಅಂದಳು ತನಗೇ.

ಎದುರಿಗೆ ಅವನು ತಲೆಯೆತ್ತಿದ. ಎಂಟು ಪೆಟ್ಟು ಮುಗಿಯುತ್ತಾ ಬಂದಿತ್ತು. ಅಭ್ಯಾಸಬಲವೋ ಬೇಕೆಂದೋ, ಅವನ ಎಡ ಹುಬ್ಬು ಒಂಚೂರು ಮೇಲೇರಿತು.

ಬರಲಾ?

ಅವಳು ತಲೆಯಾಡಿಸಲಿಲ್ಲ. ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು, ಅದನ್ನು ಪುಕ್ಕಟೆ ಬಿಟ್ಟುಕೊಡುವುದು ಹೇಗೆ? ಹಾಡಿನಲ್ಲಿ ಡ್ರಮ್ಸ್ ಬಂದುಬಿಟ್ಟಿತು, ಗಿಟಾರ್ ಬಂತು, ದೊರೆ ಆಕಾಶ ಹರಿಯತೊಡಗಿದ. ಮೇಜಿನ ಅಂಚಿನಲ್ಲಿ ಕೂತವನು ಮಾತ್ರ ಇನ್ನೂ ಬಂದಿರಲಿಲ್ಲ. ಹುಬ್ಬು ಏರಿಸಿಕೊಂಡೇ, ಕೆನ್ನೆ ಉಬ್ಬಿಸಿ ನಗು ತಡೆದುಕೊಂಡೇ, ಕಾಯುತ್ತಿದ್ದ. ತಾಳ ತಪ್ಪಿದರೂ ಚಿಂತೆಯಿಲ್ಲ ಎನ್ನುವವನ ಹಾಗೆ.

ಹಾಡು ಅರ್ಧ ದಾಟಿತು. ಅಮ್ಮ ಕಣ್ಣು ಮುಚ್ಚಿಕೊಂಡೇ ಅಂದಳು, "ಏನೇ ಅದು, ಆ ಹುಡುಗನನ್ನ ಎಷ್ಟು ಹೊತ್ತು ಹಾಗೆ ಕೂರಿಸ್ತೀಯಾ?"

ಅವಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ, ಹಾಡು ಮುಗಿಯುವ ಮುಂಚೆ, ತಲೆಯಾಡಿಸಿದಳು.